ಕ್ಯಾಮ್ರಿ ಕ್ರೂಸ್ ಕಂಟ್ರೋಲ್ ಸ್ವಿಚ್: 14 ಡಾಲರ್‌ದೂ ಹಾಕಿದೆ, ಒರಿಜಿನಲ್ಲೂ ಹಾಕಿದೆ

ಮೊದ್ಲೇ ಹೇಳ್ಬಿಡ್ತೀನಿ, ಪೂರ್ತಿ ಓದೋಕೆ ಟೈಮ್ ಇಲ್ದೇ ಇರೋರಿಗೆ. ಕ್ರೂಸ್ ಕಂಟ್ರೋಲ್ ಅಂದ್ರೆ ಆಕ್ಸಿಲರೇಟರ್ ಮೇಲೆ ಕಾಲಿಡದೇನೇ ಗಾಡಿ ಒಂದೇ ಸ್ಪೀಡಲ್ಲಿ ಹೋಗೋ ಹಾಗೆ ನೋಡ್ಕೊಳ್ಳೋದು, ಅದರ ಸ್ವಿಚ್ ತಗೊಳ್ಳೋದಾದ್ರೆ ಕಂಪನಿ ಒರಿಜಿನಲ್ಲೇ ತಗೊಳ್ಳಿ. ಆದ್ರೆ ದುಡ್ಡು ಕೊಡೋಕ್ ಮುಂಚೆ ಹಳೇ ಸ್ವಿಚ್ಚಿಗೆ ಮೀಟರ್ (ಕರೆಂಟ್ ಕೆಲ್ಸದೋರ ಮಲ್ಟಿಮೀಟರ್) ಹಿಡಿದು ನೋಡಿ, ಯಾಕಂದ್ರೆ ನಾಲ್ಕೇ ನಾಲ್ಕು ನಂಬರ್ ನೋಡಿದ್ರೆ ಸಾಕು, ಕೆಟ್ಟಿರೋದು ಸ್ವಿಚ್ಚಾ ಬೇರೇನಾ ಅಂತ ಗೊತ್ತಾಗೋಗತ್ತೆ. ನಾನು ಈ ಕೆಲ್ಸ ಮೂರು ಸಲ ಬಿಚ್ಚಿ ಮೂರು ಸಲ ಹಾಕಿದೀನಿ, ಸರಿಯಾಗಿ ಮಾಡಿದ್ರೆ ಒಂದೇ ಸಲಕ್ಕೆ ಮುಗೀಬೇಕಿತ್ತು, ಅದಕ್ಕೇ ಇಷ್ಟು ಉದ್ದಕ್ಕೆ ಬರೀತಿದೀನಿ.

ನಮ್ಮದು 2009ರ ಟೊಯೋಟಾ ಕ್ಯಾಮ್ರಿ, 4 ಸಿಲಿಂಡರ್, 2.4 ಲೀಟರ್ ಇಂಜಿನ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಈಗ 1,68,000 ಮೈಲಿ ಓಡಿದೆ, ಇವತ್ತಿಗೂ ಬೆಳಗ್ಗೆ ಕೀ ತಿರುಗ್ಸಿದ್ರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗತ್ತೆ, ಆ ವಿಷಯದಲ್ಲಿ ಗಾಡಿ ಮೇಲೆ ನಂಗೆ ತುಂಬಾ ಗೌರವ ಇದೆ. ಇರೋದು ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ. ತಂಗಿ ಹ್ಯೂಸ್ಟನ್‌ನಲ್ಲಿದಾಳೆ, ಅವಳಿಗೆ ಚಿಕ್ಕ ಮಗು, ಹಾಗಾಗಿ ತಿಂಗಳಿಗೆ ಎರಡು ಸಲ ಆದ್ರೂ ಐ-45 ಹಿಡಿದು ಹೋಗಿ ಬರ್ತೀನಿ, ಒಂದ್ ಕಡೆಗೆ ಹತ್ತತ್ರ 250 ಮೈಲಿ, ಅಂದ್ರೆ 400 ಕಿಲೋಮೀಟರ್. ಕಾರ್ಸಿಕಾನಾ ದಾಟಿದ್ರೆ ರೋಡು ನೇರಕ್ಕೆ, ಚಪ್ಪಟೆಗೆ, ಎರಡೂ ಕಡೆ ಹುಲ್ಲು ಬಯಲು, ಅಲ್ಲಿ ಕ್ರೂಸ್ ಇಲ್ದೇ ಆಕ್ಸಿಲರೇಟರ್ ಮೇಲೆ ಒಂದೇ ಹದದಲ್ಲಿ ಕಾಲು ಇಟ್ಕೊಂಡು ಎರಡೂವರೆ ಮೂರು ಗಂಟೆ ಕೂರೋದು ಅಂದ್ರೆ ಏನು ಅಂತ ಮಾಡಿದೋರಿಗೇ ಗೊತ್ತು. ನಂಗೆ ಬಲ ಮಂಡಿ ಮೊದ್ಲಿಂದಾನೂ ಸ್ವಲ್ಪ ತೊಂದ್ರೆ. ಕ್ರೂಸ್ ಕೆಟ್ಟ ಮೇಲೆ ಮ್ಯಾಡಿಸನ್‌ವಿಲ್ಲಲ್ಲಿ ಬಕೀಸ್ ಪೆಟ್ರೋಲ್ ಬಂಕಲ್ಲಿ ನಿಲ್ಸಿ ಇಳಿಯುವಾಗ ಬಾಗಿಲು ಹಿಡ್ಕೊಂಡೇ ಇಳೀಬೇಕಾಗಿ ಬಂತು. ಹಾಗಾಗಿ ಇದು ನಂಗೆ ಶೋಕಿಗೆ ಬೇಕಾದ ವಸ್ತು ಅಲ್ಲ.

ಏನಾಗ್ತಿತ್ತು ಅಂದ್ರೆ, ಸ್ಟೀರಿಂಗ್ ಬಲಗಡೆ ಕೆಳಗೆ ಒಂದು ಪುಟ್ಟ ಲಿವರ್ ಇರತ್ತಲ್ಲ, ಅದರ ತುದೀಲಿರೋ ಆನ್ ಆಫ್ ಬಟನ್ ಒತ್ತಿದ್ರೆ ಡ್ಯಾಶ್‌ಬೋರ್ಡಲ್ಲಿ ಕ್ರೂಸ್ ಅಂತ ಲೈಟ್ ನೀಟಾಗಿ ಬರ್ತಿತ್ತು. ಆದ್ರೆ ಲಿವರನ್ನ ಕೆಳಗೆ ಒತ್ತಿ, ಈ ಸ್ಪೀಡಲ್ಲೇ ಇರು ಅಂತ ಸೆಟ್ ಮಾಡಿದ್ರೆ ಹಿಡ್ಕೋತಾ ಇರ್ಲಿಲ್ಲ. ಐದು ಸಲ ಒತ್ತಿದ್ರೆ ಒಂದ್ ಸಲ ಹಿಡಿಯೋದು. ಇನ್ನೂ ವಿಚಿತ್ರ ಅಂದ್ರೆ, ಹಿಡಿದಿರುವಾಗ ಒಂದ್ ಮೈಲಿ ಸ್ಪೀಡ್ ಕಮ್ಮಿ ಮಾಡೋಣ ಅಂತ ಮತ್ತೆ ಕೆಳಗೆ ತಟ್ಟಿದ್ರೆ ಪೂರ್ತಿ ಕ್ಯಾನ್ಸಲ್ ಆಗ್ಬಿಡೋದು. ನಾನು ಒತ್ತಿದ್ದು ಸೆಟ್, ಅದು ಮಾಡಿದ್ದು ಕ್ಯಾನ್ಸಲ್. ಇದು ಯಾಕೆ ಅಂತ ಆಮೇಲೆ ಗೊತ್ತಾಯ್ತು, ಇಡೀ ರಿಪೇರೀಲಿ ನಂಗೆ ಅತೀ ಖುಷಿ ಕೊಟ್ಟ ವಿಷಯ ಅದೇ, ಮುಂದೆ ಹೇಳ್ತೀನಿ.

ಹತ್ತಿರದ ಒಂದು ಗ್ಯಾರೇಜಿಗೆ ತೋರಿಸ್ದೆ. ಹೆಸ್ರು ಬೇಡ. ಗಾಡಿ ಕೆಳಗೆ ಬಗ್ಗಿ ನೋಡ್ಲಿಲ್ಲ, ಮೀಟರ್ ಹಚ್ಲಿಲ್ಲ, ಕ್ಲಾಕ್ ಸ್ಪ್ರಿಂಗ್ ಹೋಗಿದೆ ಅದೂ ಸ್ವಿಚ್ಚೂ ಎರಡೂ ಬದ್ಲಾಯಿಸ್ಬೇಕು ಅಂತ 620 ಡಾಲರ್ ಎಸ್ಟಿಮೇಟ್ ಬರ್ಕೊಟ್ರು. ಕ್ಲಾಕ್ ಸ್ಪ್ರಿಂಗ್ ಅಂದ್ರೆ ಸ್ಟೀರಿಂಗ್ ಒಳಗೆ ಸುರುಳಿ ಸುತ್ತಿರೋ ಪಟ್ಟಿ ವೈರು, ಸ್ಟೀರಿಂಗ್ ಎಷ್ಟು ತಿರುಗಿದ್ರೂ ಏರ್‌ಬ್ಯಾಗಿಗೆ, ಹಾರನ್ನಿಗೆ, ಬಟನ್‌ಗಳಿಗೆ ಕನೆಕ್ಷನ್ ತಪ್ಪದ ಹಾಗೆ ನೋಡ್ಕೊಳೋದು ಅದು. ಅದು ಹೋಗೋದು ಉಂಟು, ಇಲ್ಲ ಅನ್ನಲ್ಲ. ಆದ್ರೆ ನಮ್ಮ ಗಾಡೀಲಿ ಹಾರನ್ ಬರ್ತಿದೆ, ಸ್ಟೀರಿಂಗ್ ಮೇಲಿನ ವಾಲ್ಯೂಮ್ ಬಟನ್ ಕೆಲ್ಸ ಮಾಡ್ತಿದೆ, ಏರ್‌ಬ್ಯಾಗ್ ಲೈಟ್ ಉರೀತಿಲ್ಲ.

ಮನೇಗ್ ಬಂದು ಅಪ್ಪಂಗೆ ಹೇಳ್ದೆ. ಅಪ್ಪ ಆರು ತಿಂಗಳಿಗೆ ಅಂತ ಇಲ್ಲಿಗೆ ಬಂದಿದ್ರು. ತಿಪಟೂರು ಕಡೆಯೋರು ನಾವು, ಅಪ್ಪ ಕೆಇಬಿಲಿ ಲೈನ್‌ಮನ್ ಆಗಿದ್ದು ರಿಟೈರ್ ಆದೋರು, ಕಾರು ಓಡ್ಸೋಕೆ ಬರಲ್ಲ ಆದ್ರೆ ಕರೆಂಟ್ ವಿಷಯ ಅಂದ್ರೆ ಅವರ ಮಾತೇ ಕೊನೆ ನಮ್ಮನೇಲಿ. ಎಸ್ಟಿಮೇಟ್ ಚೀಟಿ ನೋಡಿ ಮೊದ್ಲು ಕೇಳಿದ್ದು, "ಟೆಸ್ಟ್ ಮಾಡಿದ್ರಾ ಪುಟ್ಟಿ?" ಅಂತ. ಇಲ್ಲ ಅಪ್ಪ ಅಂದೆ. "ಟೆಸ್ಟ್ ಮಾಡ್ದೆ ಕೆಟ್ಟಿದೆ ಅಂತ ಹೆಂಗ್ ಹೇಳ್ತಾರೆ? ಕಂಬ ಹತ್ತೋಕ್ ಮುಂಚೆ ಕೆಳಗೆ ಫ್ಯೂಸ್ ನೋಡು ಅಂತ ನಮ್ಗೆ ಮೊದ್ಲ ದಿನ ಹೇಳ್ಕೊಟ್ಟಿದ್ರು" ಅಂದ್ರು.

ಹಾಗಾಗಿ ಕೆಳಗಿಂದ ಶುರು ಮಾಡಿದ್ವಿ. ಕ್ರೂಸ್ ಹಿಡೀತಿಲ್ಲ ಅಂದ್ರೆ ಸ್ವಿಚ್ಚೇ ಕೆಟ್ಟಿದೆ ಅಂತೇನಿಲ್ಲ, ಇದನ್ನ ದಯವಿಟ್ಟು ತಲೇಲಿಟ್ಕೊಳಿ. ಬ್ರೇಕ್ ಪೆಡಲ್ ಮೇಲೆ ಒಂದು ಸ್ವಿಚ್ ಇರತ್ತೆ, ಬ್ರೇಕ್ ಒತ್ತಿದ್ರೆ ಕ್ರೂಸ್ ಬಿಡ್ಬೇಕಲ್ಲ ಅದಕ್ಕೆ, ಆ ಸ್ವಿಚ್ ಕೆಟ್ಟು ಸದಾ ಬ್ರೇಕ್ ಒತ್ತಿದ ಹಾಗೇ ಹೇಳ್ತಿದ್ರೂ ಕ್ರೂಸ್ ಹಿಡಿಯಲ್ಲ. ಅಪ್ಪನ್ನ ಗಾಡಿ ಹಿಂದೆ ನಿಲ್ಸಿ ಬ್ರೇಕ್ ಒತ್ತಿ ಬಿಟ್ಟೆ, ಮೂರೂ ಲೈಟ್ ಒತ್ತಿದಾಗ ಬಂತು ಬಿಟ್ಟಾಗ ಹೋಯ್ತು. ಚೆಕ್ ಇಂಜಿನ್ ಲೈಟ್ ಉರೀತಿದ್ರೆ ಕೆಲವು ತಪ್ಪಿನ ಕೋಡ್‌ಗಳಿಗೆ ಇಂಜಿನ್ ಕಂಪ್ಯೂಟರೇ ಕ್ರೂಸ್ ಬಂದ್ ಮಾಡತ್ತೆ, ನಮ್ದ್ರಲ್ಲಿ ಆ ಲೈಟ್ ಇರ್ಲಿಲ್ಲ. ಸ್ಪೀಡ್ ಸುಮಾರು 25 ಮೈಲಿ ದಾಟ್ದೇ ಹೇಗಿದ್ರೂ ಹಿಡಿಯಲ್ಲ, ಅದು ಡಿಸೈನೇ ಹಾಗೆ.

ಆಮೇಲೆ ಅಪ್ಪ ಕೇಳಿದ ಪ್ರಶ್ನೆ ನಂಗೆ ಹೊಳೆದೇ ಇರ್ಲಿಲ್ಲ. ಆನ್ ಆಫ್ ಬಟನ್ನಿಗೂ ಸೆಟ್‌ಗೂ ವೈರು ಬೇರೆ ಬೇರೇನಾ ಒಂದೇನಾ? ಹುಡುಕಿ ನೋಡಿದ್ರೆ ಒಂದೇ. ಈ ಲಿವರಿಂದ ಇಂಜಿನ್ ಕಂಪ್ಯೂಟರಿಗೆ ಹೋಗೋದು ಒಂದೇ ಸಿಗ್ನಲ್ ವೈರು, ಇನ್ನೊಂದು ಗ್ರೌಂಡು, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರು. ನಾಲ್ಕು ಕೆಲ್ಸ, ಒಂದೇ ವೈರು. ಅದು ಹೇಗಪ್ಪಾ ಅಂದ್ರೆ ಪ್ರತೀ ಬಟನ್ನಿಗೂ ಬೇರೆ ಬೇರೆ ಬೆಲೆಯ ರೆಸಿಸ್ಟರ್, ಅಂದ್ರೆ ಕರೆಂಟಿಗೆ ತಡೆ ಒಡ್ಡೋ ಪುಟ್ಟ ಭಾಗ, ಹಾಕಿರ್ತಾರೆ, ಯಾವುದು ಒತ್ತಿದ್ರೆ ವೈರಲ್ಲಿ ಯಾವ ವೋಲ್ಟೇಜ್ ಬರತ್ತೆ ಅಂತ ನೋಡಿ ಕಂಪ್ಯೂಟರ್ ತಿಳ್ಕೊಳತ್ತೆ. ಅಂದ್ಮೇಲೆ ಕ್ಲಾಕ್ ಸ್ಪ್ರಿಂಗಲ್ಲಿ ಆ ವೈರು ಕಟ್ ಆಗಿದ್ರೆ ಆನ್ ಆಫೂ ಕೆಲ್ಸ ಮಾಡ್ಬಾರ್ದಿತ್ತು. ಗಾಡಿ ನಿಲ್ಸಿ ಸ್ಟೀರಿಂಗನ್ನ ಎಡಕ್ಕೆ ಪೂರ್ತಿ ತಿರುಗ್ಸಿ ಒತ್ತಿದೆ, ಬಲಕ್ಕೆ ಪೂರ್ತಿ ತಿರುಗ್ಸಿ ಒತ್ತಿದೆ, ಹತ್ತಕ್ಕೆ ಹತ್ತು ಸಲಾನೂ ಲೈಟ್ ಬಂತು. ಅಪ್ಪ ಚೀಟಿ ಮೇಲೆ ಕ್ಲಾಕ್ ಸ್ಪ್ರಿಂಗ್ ಅಂತಿದ್ದ ಸಾಲಿನ ಮೇಲೆ ಪೆನ್ನಲ್ಲಿ ಗೀಟು ಎಳೆದ್ರು.

ಇನ್ನು ಬಿಚ್ಚೋ ವಿಷಯ. ಇಲ್ಲಿ ಏರ್‌ಬ್ಯಾಗ್ ತೆಗೀಬೇಕು, ಬೇರೆ ದಾರಿ ಇಲ್ಲ, ಮತ್ತೆ ಏರ್‌ಬ್ಯಾಗ್ ಅಂದ್ರೆ ಒಳಗೆ ಸಣ್ಣ ಸ್ಫೋಟಕ ಇರೋ ವಸ್ತು, ಇಲ್ಲಿ ಅವಸರ ಮಾಡೋ ಹಾಗೇ ಇಲ್ಲ. ಮುಟ್ಟೋಕ್ ಮುಂಚೆ ನಿಮ್ ಗಾಡಿ ವಿನ್ ನಂಬರನ್ನ (ಪ್ರತೀ ಗಾಡಿಗೂ ಇರೋ ಗುರುತಿನ ನಂಬರ್) ಅಮೆರಿಕ ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ರೀಕಾಲ್ ಸೈಟಲ್ಲಿ ಹಾಕಿ, ದೋಷ ಇದೆ ಅಂತ ಕಂಪನಿ ವಾಪಸ್ ಕರೆದಿದೆಯಾ ನೋಡಿ, ಏರ್‌ಬ್ಯಾಗ್ ರೀಕಾಲ್ ಬಾಕಿ ಇದ್ರೆ ನೀವು ಮುಟ್ಲೇಬೇಡಿ, ಡೀಲರ್ ಹತ್ರ ಫ್ರೀಯಾಗಿ ಮಾಡಿಸ್ಕೊಳಿ. ಇಲ್ಲಾಂದ್ರೆ ಚಕ್ರ ನೇರ ಇಟ್ಟು, ಕೀ ತೆಗೆದು, ಬ್ಯಾಟರಿ ನೆಗೆಟಿವ್ ಬಿಚ್ಚಿ, ಕಮ್ಮಿ ಅಂದ್ರೆ 90 ಸೆಕೆಂಡ್ ಕಾಯ್ಬೇಕು ಅಂತ ಟೊಯೋಟಾ ಮ್ಯಾನ್ಯುಯಲ್ಲಲ್ಲೇ ಇದೆ, ಏರ್‌ಬ್ಯಾಗ್ ಸರ್ಕ್ಯೂಟಲ್ಲಿ ಉಳಿದಿರೋ ಚಾರ್ಜ್ ಇಳೀಬೇಕಲ್ಲ. ನಾವು ಬಿಚ್ಚಿ ಒಳಗೆ ಹೋಗಿ ಕಾಫಿ ಕುಡಿದು ಬಂದ್ವಿ, ಹತ್ತು ನಿಮಿಷಕ್ಕೆ ಕಮ್ಮಿ ಆಗಿರಲ್ಲ. ಬಿಚ್ಚಿದ ಕೇಬಲ್ ವಾಪಸ್ ಹೋಗಿ ಬ್ಯಾಟರಿಗೆ ತಾಗದ ಹಾಗೆ ಅಪ್ಪ ಒಂದು ಹಳೇ ಟವಲ್ ಸುತ್ತಿದ್ರು.

ಸ್ಟೀರಿಂಗ್ ಎರಡೂ ಪಕ್ಕದಲ್ಲಿ ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಇರತ್ತೆ, ಸಣ್ಣ ಸ್ಕ್ರೂಡ್ರೈವರ್ ತುದಿಗೆ ಟೇಪ್ ಸುತ್ತಿ ಎಬ್ಬಿಸಿದ್ರೆ ಬರತ್ತೆ, ಟೇಪ್ ಸುತ್ತದಿದ್ರೆ ಗೀರು ಬೀಳತ್ತೆ. ಒಳಗೆ ಕಾಣೋದು ಟಿ30 ಟಾರ್ಕ್ಸ್ ಸ್ಕ್ರೂ, ನಕ್ಷತ್ರದ ಥರ ತಲೆ ಇರೋದು. ಅದನ್ನ ಪೂರ್ತಿ ಹೊರಗೆ ತೆಗೆಯೋಕೆ ಹೋಗ್ಬೇಡಿ, ಅದು ಬರಲ್ಲ, ಒಂದ್ ಹಂತಕ್ಕೆ ಬಂದು ಗೂಡಲ್ಲೇ ಸಡಿಲವಾಗಿ ಕೂರತ್ತೆ, ಅಷ್ಟಾದ್ರೆ ಸಾಕು. ನಾನು ಮೊದ್ಲ ಸಲ ಅದು ಗೊತ್ತಿಲ್ದೇ ಕಾಲು ಗಂಟೆ ತಿರುಗಿಸ್ತಾನೇ ಇದ್ದೆ. ಏರ್‌ಬ್ಯಾಗ್ ಪ್ಯಾಡ್ ನಿಧಾನಕ್ಕೆ ನಿಮ್ ಕಡೆಗೆ ಬರತ್ತೆ, ಜೋರಾಗಿ ಎಳೀಬೇಡಿ, ಹಿಂದೆ ಹಳದಿ ಕನೆಕ್ಟರೂ ಹಾರನ್ ವೈರೂ ಇರತ್ತೆ. ಹಳದಿ ಕನೆಕ್ಟರ್ ಮೇಲೆ ಒಂದು ಲಾಕ್ ಇರತ್ತೆ, ಮೊದ್ಲು ಅದನ್ನ ಸಣ್ಣ ಸ್ಕ್ರೂಡ್ರೈವರಲ್ಲಿ ಮೇಲೆತ್ತಿದ್ರೇನೇ ಕನೆಕ್ಟರ್ ಬಿಡೋದು. ಆ ಕನೆಕ್ಟರಿಗೆ ಯಾವ ಕಾರಣಕ್ಕೂ ಮೀಟರ್ ಹಚ್ಬೇಡಿ. ಮೀಟರಿಂದ ಬರೋ ಚೂರು ಕರೆಂಟಿಗೂ ಏರ್‌ಬ್ಯಾಗ್ ಸಿಡೀಬಹುದು, ಅದಕ್ಕೇ ಮ್ಯಾನ್ಯುಯಲ್ಲೇ ಬೇಡ ಅನ್ನತ್ತೆ. ಬಿಚ್ಚಿದ ಪ್ಯಾಡನ್ನ ಮುಖ ಮೇಲೆ ಮಾಡಿ, ಮೈಯಿಂದ ದೂರ ಹಿಡ್ಕೊಂಡು ಹೋಗಿ, ಮುಖ ಮೇಲೆ ಮಾಡೇ ಇಡಿ, ಮಕ್ಕಳು ಸುಳಿಯದ ಜಾಗದಲ್ಲಿ. ಬೋರಲು ಹಾಕಿದಾಗ ಅಕಸ್ಮಾತ್ ಸಿಡಿದ್ರೆ ಪ್ಯಾಡೇ ಮೇಲಕ್ಕೆ ಹಾರತ್ತೆ.

ಆಮೇಲೆ ಲಿವರ್ ಹೊರಗೆ ಬರೋ ಜಾಗದ ಕವರ್ ತೆಗೆದ್ರೆ ಸ್ವಿಚ್ ಕಾಣತ್ತೆ. ಮಾಮೂಲಿ ಪ್ಲಸ್ ಸ್ಕ್ರೂ ಎರಡು, ಒಂದು ಕನೆಕ್ಟರ್, ಅಷ್ಟೇ. ಕೈಯಲ್ಲಿ ಹಿಡಿದಾಗ, ಇಷ್ಟು ಪುಟ್ಟದ್ದಕ್ಕಾ 620 ಡಾಲರ್ ಕೇಳಿದ್ದು ಅನ್ನಿಸ್ತು.

ಈಗ ಟೆಸ್ಟು. ಮೀಟರನ್ನ ಓಮ್‌ಗೆ, ಅಂದ್ರೆ ಕರೆಂಟಿಗೆ ಇರೋ ತಡೆ ಅಳೆಯೋ ಕಡೆಗೆ ಇಟ್ಟು, ಮೊದ್ಲು ಅದರ ವೈರಿನ ತುದಿಯ ಮೊನೆಗಳನ್ನ, ಎರಡು ಪ್ರೋಬನ್ನೂ, ಒಂದಕ್ಕೊಂದು ತಾಗ್ಸಿ ಸೊನ್ನೆ ಹತ್ರ ಬರತ್ತಾ ನೋಡ್ಕೊಳಿ, ಆಮೇಲೆ ಸ್ವಿಚ್ಚಿನ ಕನೆಕ್ಟರಲ್ಲಿ ಗಾಡಿ ಕಡೆಯಿಂದ ವೈರ್ ಬರೋ ಎರಡು ಪಿನ್ನಿಗೆ ಹಚ್ಚಿ. ನಮ್ ಥರದ ಟೊಯೋಟಾ ಲಿವರಿಗೆ ಬರ್ಬೇಕಾದ ಲೆಕ್ಕ ಇದು. ಏನೂ ಒತ್ತದೇ ಇದ್ರೆ ಓಪನ್, ಅಂದ್ರೆ ಕನೆಕ್ಷನ್ನೇ ಇಲ್ಲ ಅಂತ ತೋರಿಸ್ಬೇಕು. ಆನ್ ಆಫ್ ಒತ್ತಿದ್ರೆ ಹತ್ತತ್ರ ಸೊನ್ನೆ. ಮೇಲಕ್ಕೆ ಎತ್ತಿದ್ರೆ, ಅಂದ್ರೆ ರಿಸ್ಯೂಮ್ (ಮೊದ್ಲು ಸೆಟ್ ಮಾಡಿದ್ದ ಸ್ಪೀಡಿಗೆ ವಾಪಸ್ ಹೋಗೋದು), 240 ಓಮ್ ಆಸುಪಾಸು. ಕೆಳಕ್ಕೆ ಒತ್ತಿದ್ರೆ, ಸೆಟ್, 630 ಆಸುಪಾಸು. ನಿಮ್ ಕಡೆಗೆ ಎಳೆದ್ರೆ ಕ್ಯಾನ್ಸಲ್, 1540 ಆಸುಪಾಸು. ಇಂಡಿಯಾದಲ್ಲಿ ಇರೋರು, ಬೇರೆ ಕಂಪನಿ ಗಾಡಿ ಇರೋರು ಇದೇ ನಂಬರ್ ಹಿಡ್ಕೋಬೇಡಿ, ರೆಸಿಸ್ಟರ್ ಐಡಿಯಾ ತುಂಬಾ ಗಾಡೀಲಿ ಇದೇ ಥರ ಇದ್ರೂ ಬೆಲೆಗಳು ಬೇರೆ ಇರತ್ವೆ, ನಿಮ್ ಗಾಡಿ ಮ್ಯಾನ್ಯುಯಲ್ ನೋಡಿ.

ನಾನು ಲಿವರ್ ಹಿಡ್ಕೊಂಡೆ, ಅಪ್ಪ ಪ್ರೋಬ್ ಹಿಡ್ಕೊಂಡು ಗಟ್ಟಿಯಾಗಿ ಓದ್ತಾ ಹೋದ್ರು. ಆನ್ ಆಫ್ 0.6. ರಿಸ್ಯೂಮ್ 247. ಕ್ಯಾನ್ಸಲ್ 1551. ಮೂರೂ ಸರಿ. ಸೆಟ್ ಒತ್ತಿದೆ, 910 ಅಂದ್ರು. ಬಿಟ್ಟು ಮತ್ತೆ ಒತ್ತಿದೆ, 1380. ಮತ್ತೆ ಒತ್ತಿದೆ, ಓಪನ್. ಮತ್ತೆ, 1520. ಬೆರಳು ಒಂಚೂರು ಅಲುಗಾಡಿಸಿದ್ರೂ ನಂಬರ್ ಕುಣೀತಿತ್ತು. ಅಪ್ಪ ಪ್ರೋಬ್ ಕೆಳಗಿಟ್ಟು ಕನ್ನಡಕ ಮೇಲೆತ್ತಿ ಹೇಳಿದ್ರು, "ಪುಟ್ಟಿ, 1520 ಅಂದ್ರೆ ಅದು ಕ್ಯಾನ್ಸಲ್ ಲೆಕ್ಕ ಅಲ್ವಾ?"

ಅಲ್ಲೇ ಇತ್ತು ಉತ್ತರ. ಒಳಗಿನ ಕಾಂಟ್ಯಾಕ್ಟ್ ಸವೆದು ಕಪ್ಪಾಗಿದೆ, ಆ ಕೊಳೆಯೇ ಒಂದು ರೆಸಿಸ್ಟರ್ ಥರ ಆಗಿದೆ, 630ರ ಜೊತೆ ಅದರ 900 ಸೇರಿ 1500 ದಾಟಿದೆ, ಕಂಪ್ಯೂಟರ್ ನೋಡೋದು ಬರೀ ನಂಬರ್ ತಾನೇ, 1500 ಅಂದ್ರೆ ಅದಕ್ಕೆ ಕ್ಯಾನ್ಸಲ್. ನಾನು ಸೆಟ್ ಒತ್ತಿದಾಗೆಲ್ಲ ಗಾಡಿ ಕ್ಯಾನ್ಸಲ್ ಅಂತ ಅರ್ಥ ಮಾಡ್ಕೊಂಡಿದ್ರಲ್ಲಿ ಗಾಡಿ ತಪ್ಪೇನೂ ಇಲ್ಲ. ಇಷ್ಟು ವರ್ಷ ದಿನಾ ಅದೇ ಸೆಟ್ಟನ್ನ ಒತ್ತಿ ಒತ್ತಿ ಸವೆಸಿದ್ದು ನಾವು, ಮಿಕ್ಕ ಮೂರು ಬಟನ್ ಕಮ್ಮಿ ಬಳಸಿದ್ವಿ ಅದಕ್ಕೇ ಅವು ಸರಿ ಇದ್ವು. ಮನೆ ಸ್ವಿಚ್ ಬೋರ್ಡಲ್ಲಿ ಪಾಯಿಂಟ್ ಕಪ್ಪಾದ್ರೆ ಬಲ್ಬ್ ಮಿಣಮಿಣ ಅನ್ನಲ್ವಾ, ಅದೇ ಇದು ಅಂದ್ರು ಅಪ್ಪ. ಸಣ್ಣ ಡಿಜಿಟಲ್ ಮೀಟರ್ ನಂದು, 22 ಡಾಲರ್‌ದು, ಕೆಲ್ಸಕ್ಕೇನೂ ಮೋಸ ಇಲ್ಲ, ಆದ್ರೆ ನಂಬರ್ ಕುಣಿಯೋವಾಗ ಓದೋಕೆ ಕಷ್ಟ, ಮುಳ್ಳಿನ ಮೀಟರ್ ಆಗಿದ್ರೆ ಮುಳ್ಳು ಒದ್ದಾಡೋದು ಕಣ್ಣಿಗೇ ಕಾಣ್ತಿತ್ತು ಅಂತ ಅಪ್ಪ ಎರಡು ದಿನ ಹೇಳ್ತಿದ್ರು, ಅವರು ಹೇಳೋದು ಸರಿ. ಪ್ರೋಬ್ ಬದ್ಲು ಮೊಸಳೆ ಕ್ಲಿಪ್ ಇದ್ರೆ ಒಬ್ರೇ ಕೂತು ಟೆಸ್ಟ್ ಮಾಡ್ಬೋದು.

ಮೊದ್ಲ ಸಲ ನಾವು ಹೊಸ ಸ್ವಿಚ್ ತರ್ಲಿಲ್ಲ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಂದಿಯಿಂದ ಒಳಗೆ ಹೊಡೆದು, ಐವತ್ತು ಸಲ ಒತ್ತಿ ಬಿಟ್ಟು, ಒಣಗಿಸಿ ನೋಡಿದ್ರೆ ಸೆಟ್ 645ಕ್ಕೆ ನಿಂತ್ಕೊಳ್ತು. ಖುಷಿಯಾಗಿ ವಾಪಸ್ ಹಾಕಿದ್ವಿ. ಹತ್ತು ದಿನ ಚೆನ್ನಾಗಿತ್ತು, ಹನ್ನೊಂದನೇ ದಿನದಿಂದ ಮತ್ತೆ ಅದೇ ರಾಗ. ಸ್ಪ್ರೇ ಕೊಳೆ ತೊಳೆಯತ್ತೆ, ಸವೆದಿರೋ ಲೋಹಾನ ವಾಪಸ್ ತರಲ್ಲ. ಟೆಸ್ಟ್ ಖಚಿತ ಮಾಡ್ಕೊಳ್ಳೋಕೆ ಸರಿ, ರಿಪೇರಿ ಅಂತ ನಂಬ್ಕೋಬೇಡಿ.

ಎರಡನೇ ಸಲ ಆನ್‌ಲೈನಲ್ಲಿ 14 ಡಾಲರ್‌ಗೆ ಸಿಕ್ಕಿದ ಸ್ವಿಚ್ ತರಿಸ್ದೆ. ಹೆಸ್ರೇ ಇಲ್ಲದ ಡಬ್ಬಿ. ನೋಡೋಕೆ ಒಂದೇ ಥರ, ಸ್ಕ್ರೂ ತೂತು ಸರಿಯಾಗಿ ಕೂತ್ಕೊಳ್ತು, ಹಾಕೋಕ್ ಮುಂಚೆ ಮೀಟರ್ ಹಚ್ಚಿದ್ರೆ ನಾಲ್ಕೂ ನಂಬರ್ ಸರಿ, ರಿಸ್ಯೂಮ್ 239, ಸೆಟ್ 632, ಕ್ಯಾನ್ಸಲ್ 1538. ಇದನ್ನ ನ್ಯಾಯವಾಗಿ ಹೇಳ್ಬೇಕು, ಹೊಸದಾಗಿದ್ದಾಗ ಅದರಲ್ಲಿ ಏನೂ ತಪ್ಪಿರ್ಲಿಲ್ಲ. ವ್ಯತ್ಯಾಸ ಗೊತ್ತಾಗಿದ್ದು ಕೈಗೆ. ಹಳೇದು ಅಷ್ಟು ಸವೆದಿದ್ರೂ ಪ್ರತೀ ದಿಕ್ಕಿಗೂ ಟಕ್ ಅಂತ ಒಂದು ತೂಕದಲ್ಲಿ ಹೋಗಿ ವಾಪಸ್ ಬರ್ತಿತ್ತು, ಇದು ಲೊಡಲೊಡ, ಕೆಳಗೆ ಒತ್ತುವಾಗ ಒಂಚೂರು ಪಕ್ಕಕ್ಕೂ ಹೋಗತ್ತೆ. ಅಪ್ಪ ಕೈಯಲ್ಲಿ ಹಿಡಿದು ಎರಡು ಸಲ ಒತ್ತಿ ಏನೂ ಹೇಳ್ದೆ ವಾಪಸ್ ಕೊಟ್ರು, ನಂಗೆ ಅಲ್ಲೇ ಅರ್ಥ ಆಗ್ಬೇಕಿತ್ತು.

ಜೂನ್‌ನಲ್ಲಿ ಹಾಕಿದ್ದು. ಇಲ್ಲಿ ಬೇಸಿಗೆ ಅಂದ್ರೆ 100 ಫ್ಯಾರನ್‌ಹೀಟ್ ದಾಟೋದು ಮಾಮೂಲಿ, 38 ಡಿಗ್ರಿ ಸೆಲ್ಸಿಯಸ್ಸು, ಬಿಸಿಲಲ್ಲಿ ನಿಲ್ಸಿದ ಗಾಡಿ ಒಳಗೆ ಸ್ಟೀರಿಂಗ್ ಮುಟ್ಟೋಕಾಗಲ್ಲ. ಆಗಸ್ಟ್ ಹೊತ್ತಿಗೆ ಕ್ಯಾನ್ಸಲ್ ಸತ್ತೋಯ್ತು. ಲಿವರ್ ಎಳೆದ್ರೆ ಏನೂ ಆಗಲ್ಲ. ಬ್ರೇಕ್ ತಟ್ಟಿದ್ರೆ ಬಿಡ್ತಿತ್ತು, ಹಾಗಾಗಿ ಅಪಾಯ ಏನೂ ಆಗ್ಲಿಲ್ಲ, ಆದ್ರೆ ಹಿಂದೆ ಟ್ರಕ್ ಇರುವಾಗ ಸುಮ್ನೆ ಕ್ರೂಸ್ ಬಿಡೋಕೆ ಬ್ರೇಕ್ ಲೈಟ್ ತೋರಿಸ್ಬೇಕಾಗತ್ತೆ, ಹಿಂದಿನೋರು ಗಾಬರಿ ಬೀಳ್ತಾರೆ, ಅದು ನಂಗೆ ಇಷ್ಟ ಆಗ್ಲಿಲ್ಲ. ಮಕ್ಕಳನ್ನ ಕೂರಿಸ್ಕೊಂಡು ಹೋಗೋ ಗಾಡೀಲಿ ನಿಲ್ಲಿಸೋ ಬಟನ್ ಕೆಲ್ಸ ಮಾಡ್ಲಿಲ್ಲ ಅಂದ್ರೆ ಅದು ಸಣ್ಣ ವಿಷಯ ಅಂತ ನಾನು ಒಪ್ಪಲ್ಲ. ಈ ಪ್ರಾಡಕ್ಟಿಗೆ ನನ್ನ ಕಡೆಯಿಂದ ಐದಕ್ಕೆ ಒಂದು, ಅದೂ ಮೊದಲೆರಡು ತಿಂಗಳಿಗೆ.

ಮೂರನೇ ಸಲ ಡೀಲರ್ ಪಾರ್ಟ್ಸ್ ಕೌಂಟರ್‌ಗೇ ಹೋದೆ. ಟೊಯೋಟಾದಲ್ಲಿ ಈ ಸ್ವಿಚ್ಚಿನ ಪಾರ್ಟ್ ನಂಬರ್ 84632 ಅಂತ ಶುರುವಾಗತ್ತೆ, ಮುಂದಿನ ಐದು ಅಂಕಿ ಮಾಡೆಲ್ ನೋಡ್ಕೊಂಡು ಬದಲಾಗತ್ತೆ, ಹಾಗಾಗಿ ನೀವೇ ಊಹೆ ಮಾಡ್ಕೊಂಡು ತರಿಸ್ಬೇಡಿ, ವಿನ್ ನಂಬರ್ ಕೊಡಿ, ಅವರು ಕಂಪ್ಯೂಟರಲ್ಲಿ ನೋಡಿ ನಿಮ್ ಗಾಡೀದೇ ಕೊಡ್ತಾರೆ. ನಂಗೆ ಟ್ಯಾಕ್ಸ್ ಸೇರಿ 71 ಡಾಲರ್ ಬಿತ್ತು. ಕೌಂಟರಲ್ಲಿದ್ದ ವಯಸ್ಸಾದೋರು, ನೀವೇ ಹಾಕ್ತೀರಾ ಅಂತ ಕೇಳಿ, ಬ್ಯಾಟರಿ ಬಿಚ್ಚಿ ಕಾಯೋದು ಮರೀಬೇಡಿ ಅಂತ ಅವರಾಗೇ ನೆನಪು ಮಾಡಿದ್ರು, ಅದು ತುಂಬಾ ಇಷ್ಟ ಆಯ್ತು.

ಮನೇಲಿ ಕವರ್ ಬಿಚ್ಚಿ ಮೀಟರ್ ಹಚ್ಚಿದೆ. 240, 629, 1541. ನಂಬರ್ ನೋಡಿದ್ರೆ 14 ಡಾಲರ್‌ದಕ್ಕೂ ಇದಕ್ಕೂ ಹೆಚ್ಚು ಕಮ್ಮಿ ಒಂದೇ, ಇದನ್ನ ಗಮನಿಸಿ, ಹೊಸ ಸ್ವಿಚ್ಚಿಗೆ ಮೀಟರ್ ಟೆಸ್ಟ್ ಹಚ್ಚಿದ್ರೆ ಇವತ್ತು ಸರಿ ಇದೆಯಾ ಅಂತ ಗೊತ್ತಾಗತ್ತೆ, ಎಷ್ಟು ದಿನ ಬರತ್ತೆ ಅಂತ ಗೊತ್ತಾಗಲ್ಲ. ಆದ್ರೆ ಒತ್ತಿದಾಗ ಆ ಟಕ್ ಇತ್ತು. ಸೆಟ್ ಒತ್ತಿ ಹಿಡಿದು ಬೆರಳು ಎಷ್ಟು ಅಲುಗಾಡಿಸಿದ್ರೂ 629 ಅಂದ್ರೆ 629. ಅಪ್ಪ ಈ ಸಲ "ಇದು ಸ್ವಿಚ್ಚು" ಅಂದ್ರು. ಅಷ್ಟರಲ್ಲಿ ಕೈ ಪಳಗಿತ್ತು, ಬಿಚ್ಚಿ ಹಾಕಿ ಮುಗಿಸೋಕೆ 25 ನಿಮಿಷ. ಮೊದ್ಲ ಸಲ ಎರಡು ಗಂಟೆ ಹಿಡಿದಿತ್ತು.

ಹಾಕುವಾಗ ಹಳದಿ ಕನೆಕ್ಟರ್ ಪೂರ್ತಿ ಕೂತ ಮೇಲೆ ಲಾಕ್ ಕೆಳಗೆ ಒತ್ತಿ, ವೈರು ಪ್ಯಾಡ್ ಮಧ್ಯೆ ಸಿಕ್ಕಾಕಿಕೊಳ್ಳದ ಹಾಗೆ ನೋಡಿ. ಟಿ30 ಸ್ಕ್ರೂಗೆ ಟಾರ್ಕ್ 8.8 ನ್ಯೂಟನ್ ಮೀಟರ್, ಅಂದ್ರೆ 78 ಇಂಚ್ ಪೌಂಡ್, ಅದು ಜಾಸ್ತಿ ಬಿಗಿ ಅಲ್ಲ, ಸಣ್ಣ ಟಾರ್ಕ್ ರೆಂಚ್ ಇದ್ರೆ ಬಳಸಿ, ನಾನು ಪಕ್ಕದ ಮನೆಯೋರ ಹತ್ರ ಇಸ್ಕೊಂಡೆ. ಎಲ್ಲಾ ಕನೆಕ್ಟ್ ಆದ್ಮೇಲೇ ಬ್ಯಾಟರಿ ಹಾಕ್ಬೇಕು, ಏರ್‌ಬ್ಯಾಗ್ ಬಿಚ್ಚಿರುವಾಗ ಕೀ ಆನ್ ಮಾಡಿದ್ರೆ ಎಸ್‌ಆರ್‌ಎಸ್, ಅಂದ್ರೆ ಏರ್‌ಬ್ಯಾಗ್ ವ್ಯವಸ್ಥೆಯ, ತಪ್ಪಿನ ಕೋಡ್ ಕೂತ್ಕೊಳತ್ತೆ, ಆಮೇಲೆ ಅದನ್ನ ಅಳಿಸೋದು ಬೇರೆ ಕೆಲ್ಸ. ಕೀ ಆನ್ ಮಾಡಿದಾಗ ಎಸ್‌ಆರ್‌ಎಸ್ ಲೈಟ್ ಸುಮಾರು 6 ಸೆಕೆಂಡ್ ಉರಿದು ಆರಬೇಕು. ಆರಿತು ಅಂದ್ರೆ ಮಾತ್ರ ಕೆಲ್ಸ ಮುಗೀತು ಅಂತ. ಆರದಿದ್ರೆ ಓಡಿಸ್ಬೇಡಿ, ತಿಳಿದೋರ ಹತ್ರ ತೋರಿಸಿ.

ಮಾರನೇ ಶನಿವಾರಾನೇ ಹ್ಯೂಸ್ಟನ್‌ಗೆ ಹೊರಟ್ವಿ, ಅಪ್ಪ ಪಕ್ಕದ ಸೀಟಲ್ಲಿ. ಎನಿಸ್ ದಾಟಿ ರೋಡ್ ಖಾಲಿಯಾದ ಮೇಲೆ 70ಕ್ಕೆ ಸೆಟ್ ಒತ್ತಿದೆ, ಒಂದೇ ಸಲಕ್ಕೆ ಹಿಡ್ಕೊಳ್ತು, ಕಾಲು ತೆಗೆದು ಮಡಿಚಿ ಇಟ್ಕೊಂಡೆ. ಅಪ್ಪ ಮುಂದೆ ಬಗ್ಗಿ ಸ್ಪೀಡೋಮೀಟರ್ ಮುಳ್ಳನ್ನೇ ನೋಡ್ತಾ ಇದ್ರು ಎಷ್ಟೋ ಹೊತ್ತು, ಏರು ಬಂದ್ರೂ ಅದು ಅಲ್ಲೇ ಇದ್ದಿದ್ದು ನೋಡಿ ಇದನ್ನ ಕಂಡುಹಿಡಿದೋರು ಯಾರು ಅಂತ ಕೇಳಿದ್ರು. ನಾನು ಮೊದ್ಲೇ ಓದಿದ್ದೆ. ರಾಲ್ಫ್ ಟೀಟರ್ ಅಂತ, ಇಂಡಿಯಾನಾದ ಎಂಜಿನಿಯರು, ಐದು ವರ್ಷದವರಿದ್ದಾಗ ಏಟಾಗಿ ಎರಡೂ ಕಣ್ಣು ಹೋಗಿತ್ತು. ಲಾಯರ್ ಒಬ್ರು ಇವರನ್ನ ಕಾರಲ್ಲಿ ಕೂರಿಸ್ಕೊಂಡು ಹೋಗುವಾಗ, ಅವರು ಮಾತಾಡೋವಾಗ ಗಾಡಿ ನಿಧಾನ ಆಗೋದು, ಕೇಳಿಸ್ಕೊಳೋವಾಗ ಜೋರಾಗೋದು, ಆ ಎಳೆದಾಟ ಮೈಗೆ ಗೊತ್ತಾಗಿ ಈ ಐಡಿಯಾ ಬಂತು ಅಂತ ಹೇಳ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ತು, 1958ರ ಮಾಡೆಲ್ ಕ್ರೈಸ್ಲರ್ ಗಾಡಿಗಳಲ್ಲಿ ಮೊದ್ಲು ಬಂತು. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು, "ಕಣ್ಣಿಲ್ದೋರಿಗೇ ಅದು ಗೊತ್ತಾಗೋಕೆ ಸಾಧ್ಯ" ಅಂದ್ರು. ಆ ಮಾತು ನನ್ನ ಮನಸ್ಸಲ್ಲಿ ಹಾಗೇ ಇದೆ.

ಖರ್ಚಿನ ಲೆಕ್ಕ ಕೇಳೋರಿಗೆ: ಒರಿಜಿನಲ್ ಸ್ವಿಚ್ 71, ದಂಡವಾದ ಸ್ವಿಚ್ 14, ಮೀಟರ್ 22, ಟಿ30 ಸ್ಕ್ರೂ ಬಿಚ್ಚೋ ಬಿಟ್ (ತುದಿ) 6, ಸ್ಪ್ರೇ 9. ಎಲ್ಲಾ ಸೇರಿ 122 ಡಾಲರ್, ಅದ್ರಲ್ಲಿ ಮೀಟರೂ ಟಿ30 ತುದಿಯೂ ಮನೇಲೇ ಉಳಿದ್ವು. ಒರಿಜಿನಲ್ ಸ್ವಿಚ್ಚಿಗೆ ಐದಕ್ಕೆ ಐದು, ಹಾಕಿ ಏಳು ತಿಂಗಳಾಯ್ತು, ಮೊನ್ನೆ ಎಣ್ಣೆ ಬದಲಾಯಿಸಿದಾಗ ಕೂಡ ಸೆಟ್ ಒಂದೇ ತಟ್ಟಿಗೆ ಹಿಡೀತಿದೆ. ಮಂಡಿ ನೋವೂ ತುಂಬಾ ಕಮ್ಮಿಯಾಗಿದೆ.

ಒಂದ್ ಮಾತು, ಏರ್‌ಬ್ಯಾಗ್ ಬಿಚ್ಚೋಕೆ ಮನಸ್ಸು ಅಳುಕತ್ತೆ ಅನ್ನೋರು ಬಲವಂತಕ್ಕೆ ಮಾಡ್ಬೇಡಿ. ಒರಿಜಿನಲ್ ಸ್ವಿಚ್ ನೀವೇ ತಂದು ಹಾಕೋ ಕೂಲಿ ಮಾತ್ರ ಕೊಡ್ತೀನಿ ಅಂತ ಒಳ್ಳೇ ಮೆಕ್ಯಾನಿಕ್ ಹತ್ರ ಹೇಳಿ, ಮತ್ತೆ ಹಳೇದನ್ನ ನನ್ನ ಮುಂದೇನೇ ಮೀಟರ್ ಹಚ್ಚಿ ತೋರಿಸಿ ಅಂತ ಕೇಳಿ, ಕೇಳೋಕೆ ಸಂಕೋಚ ಬೇಡ, ದುಡ್ಡು ನಿಮ್ದು.

ಬ್ಯಾಟರಿ ಬಿಚ್ಚಿದ್ರಿಂದ ಗಡಿಯಾರ, ರೇಡಿಯೋ ಸ್ಟೇಷನ್ ಎಲ್ಲ ಹೋಗಿರತ್ತೆ, ಮೊದ್ಲೇ ಬರೆದಿಟ್ಕೊಳಿ. ಹಳೇ ಸ್ವಿಚ್ಚನ್ನ ಅಪ್ಪ ಊರಿಗೆ ಹೋಗುವಾಗ ಸೂಟ್‌ಕೇಸಲ್ಲಿ ಹಾಕ್ಕೊಂಡು ಹೋದ್ರು, ಬಿಡಿಸಿ ಒಳಗಿನ ಪಾಯಿಂಟ್ ಎಷ್ಟು ಕಪ್ಪಾಗಿದೆ ಅಂತ ಜೊತೆಯೋರಿಗೆ ತೋರಿಸ್ಬೇಕಂತೆ. ಹೋದ ವಾರ ಫೋಟೋ ಕಳಿಸಿದ್ರು, ನ್ಯೂಸ್‌ಪೇಪರ್ ಮೇಲೆ ಬಿಡಿಸಿಟ್ಟ ಸ್ವಿಚ್ಚು, ತಾಮ್ರದ ಪುಟ್ಟ ಪಟ್ಟಿ ಒಂದು, ಮಧ್ಯದಲ್ಲಿ ಸಾಸಿವೆ ಕಾಳಿನಷ್ಟು ಕರೀ ಗುಳಿ, ಅದರ ಪಕ್ಕ ಪೆನ್ನಲ್ಲಿ ಬರೆದಿದಾರೆ, 630 ಅಂತ.